ಸಂಶೋಧನಾ ವಿಧಾನದ ಕಾರ್ಯಾಗಾರ: ಪ್ರಸ್ತಾವನೆ ಬರೆಯುವಾಗ ಏನು ನೋಡಿಕೊಳ್ಳಬೇಕು?

ಉನ್ನತ ಶಿಕ್ಷಣವನ್ನೇ ಅಧ್ಯಯನ ಮಾಡುವ ಸಂಶೋಧಕರಿಗೆ ಒಂದು ಕಾರ್ಯಾಗಾರ ನಡೆಸಬೇಕು, ಅದಕ್ಕೆ ಎರಡು ಪುಟದ ಪ್ರಸ್ತಾವನೆ ಕೊಡಬೇಕು ಅಂತ ಇಟ್ಟುಕೊಳ್ಳಿ. ನಾನು ಮೊದಲ ಸಲ ಬರೆದಾಗ ಕೊಟ್ಟ ಶೀರ್ಷಿಕೆ ‘ಸಂಶೋಧನಾ ವಿಧಾನಗಳು: ಒಂದು ಪರಿಚಯ’. ಅರ್ಧ ದಿನದೊಳಗೆ ಸಮೀಕ್ಷೆ, ಸಂದರ್ಶನ, ಅಂಕಿಅಂಶ, ಸಂಶೋಧನೆಯ ನೀತಿ ಎಲ್ಲವನ್ನೂ ತುಂಬಿದ್ದೆ. ಅದು ವಾಪಸ್ ಬಂತು. ಅಂಚಿನಲ್ಲಿ ಪರಿಶೀಲಕರು ಹೀಗೆ ಬರೆದಿದ್ದರು: ‘ಬೆಳಗ್ಗೆ ಬರುವಾಗ ಮಾಡಲು ಬಾರದಿದ್ದ ಯಾವ ಕೆಲಸ, ಮುಗಿಸಿ ಹೋಗುವಾಗ ಇವರಿಗೆ ಬರುತ್ತದೆ?’ ಆಮೇಲೆ ನಾನು ಬರೆದ ಪ್ರಸ್ತಾವನೆಗಳೆಲ್ಲ ಈ ಪ್ರಶ್ನೆಯಿಂದಲೇ ಶುರುವಾಗಿವೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಯಾರು ಬರುತ್ತಾರೆ ಅಂತ ಯೋಚಿಸಿ. ಈ ಕ್ಷೇತ್ರಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಒಬ್ಬರು ಭೌತಶಾಸ್ತ್ರ ಕಲಿಸುತ್ತಾ, ಹುಡುಗರು ಯಾಕೆ ಫೇಲಾಗುತ್ತಾರೆ ಅಂತ ಹುಡುಕಲು ಹೊರಟವರು. ಇನ್ನೊಬ್ಬರು ಇತಿಹಾಸದವರು, ಮತ್ತೊಬ್ಬರು ಪರೀಕ್ಷಾ ವಿಭಾಗದ ಆಡಳಿತದಲ್ಲಿ ಇರುವವರು. ಮೊದಲನೆಯವರಿಗೆ ‘ಹನ್ನೆರಡು ಜನರ ಸಂದರ್ಶನದಿಂದ ಏನು ಗೊತ್ತಾದೀತು?’ ಎಂಬ ಅನುಮಾನ. ಎರಡನೆಯವರಿಗೆ ಕೋಷ್ಟಕ ಕಂಡರೆ ಭಯ. ಪ್ರಸ್ತಾವನೆಯಲ್ಲಿ ‘ಆಸಕ್ತರೆಲ್ಲರಿಗೂ’ ಅಂತ ಬರೆದರೆ ಇವರಲ್ಲಿ ಯಾರಿಗೂ ಅಲ್ಲ ಅಂತಲೇ ಅರ್ಥ. ‘ಶೇಕಡಾ ಲೆಕ್ಕ ಹಾಕಲು ಬಂದರೆ ಸಾಕು, ಸಂಖ್ಯಾಶಾಸ್ತ್ರ ಓದಿರಬೇಕಿಲ್ಲ’ ಎಂಬ ಒಂದು ಸಾಲು ಎಷ್ಟೋ ಜನರ ಹಿಂಜರಿಕೆ ಕಳೆಯುತ್ತದೆ.

ಇನ್ನು ಕಲಿಕೆಯ ಫಲ, ಅಂದರೆ ಕಾರ್ಯಾಗಾರ ಮುಗಿದಾಗ ಬಂದವರಿಗೆ ಏನು ಮಾಡಲು ಬರುತ್ತದೆ ಅಂತ ಹೇಳುವ ಸಾಲು. ‘ಅರಿವು ಮೂಡುತ್ತದೆ’, ‘ಪರಿಚಯವಾಗುತ್ತದೆ’ ಅಂತ ಬರೆಯಬೇಡಿ. ಅದು ಆಯಿತೋ ಇಲ್ಲವೋ ಅಂತ ನೋಡಲು ಯಾರಿಂದಲೂ ಆಗುವುದಿಲ್ಲ. ಕಣ್ಣಿಗೆ ಕಾಣುವ ಕ್ರಿಯಾಪದ ಬೇಕು: ಬಿಡಿಸುತ್ತಾರೆ, ಹೋಲಿಸುತ್ತಾರೆ, ತಿದ್ದುತ್ತಾರೆ. ಶಿಕ್ಷಣ ಮನೋವಿಜ್ಞಾನಿ ಜಾನ್ ಬಿಗ್ಸ್ 1996ರಲ್ಲಿ ಉನ್ನತ ಶಿಕ್ಷಣದ ಬೋಧನೆ ಬಗ್ಗೆ ಹೇಳಿದ ಮಾತು ಇಲ್ಲೂ ಸಲ್ಲುತ್ತದೆ. ಏನು ಕಲಿಯಬೇಕು, ಅದಕ್ಕೆ ಏನು ಮಾಡಿಸುತ್ತೇವೆ, ಕಲಿತರೋ ಇಲ್ಲವೋ ಅಂತ ಹೇಗೆ ನೋಡುತ್ತೇವೆ, ಈ ಮೂರೂ ಒಂದಕ್ಕೊಂದು ಹೊಂದಬೇಕು. ಫಲದ ಸಾಲಿನಲ್ಲಿ ‘ಬಿಡಿಸುತ್ತಾರೆ’ ಅಂತ ಬರೆದು, ವೇಳಾಪಟ್ಟಿಯಲ್ಲಿ ಎರಡು ಗಂಟೆ ಉಪನ್ಯಾಸ ಇಟ್ಟರೆ ಪರಿಶೀಲಕರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಒಂದು ಉದಾಹರಣೆ ಪೂರ್ತಿ ನೋಡೋಣ. ನನಗೆ ತುಂಬಾ ಇಷ್ಟವಾದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನ 1973ರ ಸ್ನಾತಕೋತ್ತರ ಪ್ರವೇಶದ ಅಂಕಿಅಂಶ. ಅಲ್ಲಿನ ಆರು ದೊಡ್ಡ ವಿಭಾಗಗಳ ಲೆಕ್ಕ ‘ಆರ್’ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಜೊತೆಗೇ ಬರುತ್ತದೆ, ಉಚಿತ. ವಿಭಾಗಗಳ ಹೆಸರಿನ ಬದಲು ಬರೀ ಎ ಇಂದ ಎಫ್ ತನಕ ಅಕ್ಷರಗಳಿವೆ. ಒಟ್ಟು ಲೆಕ್ಕ ಹೀಗಿದೆ: ಅರ್ಜಿ ಹಾಕಿದ 2691 ಗಂಡಸರಲ್ಲಿ 1198 ಮಂದಿಗೆ ಸೀಟು ಸಿಕ್ಕಿತು, ಅಂದರೆ ಸುಮಾರು ಶೇ 45. ಹೆಂಗಸರು 1835, ಸೀಟು ಸಿಕ್ಕಿದ್ದು 557 ಮಂದಿಗೆ, ಸುಮಾರು ಶೇ 30. ಇಷ್ಟನ್ನೇ ಹಾಳೆಯಲ್ಲಿ ಕೊಟ್ಟು ‘ಏನನ್ನಿಸುತ್ತದೆ, ಬರೆಯಿರಿ’ ಅನ್ನಿ. ಹೆಚ್ಚಿನವರು ತಾರತಮ್ಯ ಅಂತಲೇ ಬರೆಯುತ್ತಾರೆ.

ಈಗ ವಿಭಾಗವಾರು ಹಾಳೆ ಹಂಚಿ. ಎ ವಿಭಾಗದಲ್ಲಿ ಗಂಡಸರು 825ರಲ್ಲಿ 512, ಶೇ 62. ಹೆಂಗಸರು 108ರಲ್ಲಿ 89, ಶೇ 82! ಆರರಲ್ಲಿ ನಾಲ್ಕು ವಿಭಾಗಗಳಲ್ಲಿ ಹೆಂಗಸರ ಶೇಕಡಾವೇ ಜಾಸ್ತಿ. ಉಳಿದ ಎರಡರಲ್ಲಿ ಕಡಿಮೆ ಇದ್ದರೂ ಅಂತರ ಸಣ್ಣದು. ಹಾಗಾದರೆ ಒಟ್ಟು ಲೆಕ್ಕ ಯಾಕೆ ತಿರುಗಿತು? ಯಾರು ಎಲ್ಲಿ ಅರ್ಜಿ ಹಾಕಿದರು ಅಂತ ನೋಡಿ. ಎ ಮತ್ತು ಬಿ ವಿಭಾಗಗಳಲ್ಲಿ ಸೀಟು ಸಿಗುವುದು ಸುಲಭವಿತ್ತು. ಗಂಡಸರಲ್ಲಿ ಅರ್ಧದಷ್ಟು ಮಂದಿ, 1385 ಜನ, ಅರ್ಜಿ ಹಾಕಿದ್ದು ಅಲ್ಲಿಗೇ. ಹೆಂಗಸರಲ್ಲಿ ಬರೀ 133 ಮಂದಿ. ಉಳಿದವರೆಲ್ಲ ಹಾಕಿದ್ದು ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೆ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರೆ. ಈ ಹೆಸರನ್ನು ಕೊನೆಯಲ್ಲಿ ಹೇಳಿ. ಮೊದಲೇ ಹೇಳಿದರೆ ತಾವೇ ಕಂಡುಕೊಂಡ ಖುಷಿ ಹೋಗಿಬಿಡುತ್ತದೆ.

ಈಗ ಫಲದ ಸಾಲು ತಾನಾಗಿ ಬರುತ್ತದೆ, ಅಲ್ವಾ? ‘ಭಾಗವಹಿಸಿದವರು ತಮ್ಮ ಸಂಸ್ಥೆಯ ಯಾವುದಾದರೂ ಒಂದು ಒಟ್ಟು ಶೇಕಡಾವನ್ನು ಗುಂಪುವಾರು ಬಿಡಿಸಿ, ತೀರ್ಮಾನ ಬದಲಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ.’ ವೇಳಾಪಟ್ಟಿಯೂ ಅದರ ಹಿಂದೆಯೇ. ಮೂರು ಗಂಟೆ ಇದ್ದರೆ ನಾನು ಹೀಗೆ ಹಂಚುತ್ತೇನೆ: ಪರಿಚಯಕ್ಕೆ 15 ನಿಮಿಷ, ಮೊದಲ ಹಾಳೆಗೆ 30, ವಿಭಾಗವಾರು ಹಾಳೆಗೆ 50, ವಿರಾಮ 20, ತಮ್ಮದೇ ಅಂಕಿಅಂಶದ ಮೇಲೆ ಕೆಲಸ 45, ಕೊನೆಯ ಮಾತುಕತೆ 20. ವಿರಾಮವನ್ನೂ ಬರೆದೇ ತೋರಿಸಿ. ಅದನ್ನು ಬಿಟ್ಟ ವೇಳಾಪಟ್ಟಿ ಯಾವಾಗಲೂ ತಡವಾಗಿಯೇ ಮುಗಿಯುತ್ತದೆ. ತಮ್ಮ ಅಂಕಿಅಂಶ ತರಲು ಆಗದವರಿಗೆ ಒಂದು ಹಾಳೆ ನೀವೇ ಸಿದ್ಧ ಮಾಡಿಟ್ಟಿರಿ.

ಕೋಷ್ಟಕ ಬಿಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬರ್ಕ್ಲಿಯಲ್ಲಿ ಹೆಂಗಸರು ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೇ ಯಾಕೆ ಜಾಸ್ತಿ ಅರ್ಜಿ ಹಾಕಿದರು? ಶಾಲೆಯಲ್ಲೇ ಯಾರಾದರೂ ದಾರಿ ತಿರುಗಿಸಿದರಾ? ಈ ಕೋಷ್ಟಕದಲ್ಲಿ ಅದಕ್ಕೆ ಉತ್ತರವಿಲ್ಲ, ಜನರನ್ನೇ ಕೇಳಬೇಕು. ಭೌತಶಾಸ್ತ್ರದವರಿಗೆ ಸಂದರ್ಶನ ಯಾಕೆ ಬೇಕು ಅಂತ ಮನವರಿಕೆಯಾಗುವುದು ಇಲ್ಲೇ. ಇಡೀ ದಿನ ಸಿಕ್ಕರೆ ಮಧ್ಯಾಹ್ನ ಸಂದರ್ಶನದ ಕೋಡಿಂಗ್ ಇಡಬಹುದು, ಅಂದರೆ ಒಂದೊಂದು ಮಾತಿಗೂ ಅದರ ಅರ್ಥ ಸೂಚಿಸುವ ಚಿಕ್ಕ ಹೆಸರು ಕೊಡುವುದು. ಎರಡು ಪುಟದ ಒಂದೇ ಸಂದರ್ಶನವನ್ನು ಇಬ್ಬರಿಗೆ ಕೊಡಿ. ಒಬ್ಬರದನ್ನು ಇನ್ನೊಬ್ಬರು ನೋಡದೆ ಕೋಡ್ ಹಾಕಲಿ. ‘ಅಪ್ಪ ಬೇಡ ಅಂದ್ರು, ನಾನೂ ಸುಮ್ನಾದೆ’ ಎಂಬ ಸಾಲಿಗೆ ಒಬ್ಬರು ‘ಕುಟುಂಬದ ಒತ್ತಡ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಮೌನ’ ಅಂತ. ಆ ಜಗಳವೇ ಪಾಠ. ಇಬ್ಬರ ಒಪ್ಪಿಗೆಯನ್ನು ಅಂಕಿಯಲ್ಲಿ ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಇದೆ. ಆದರೆ ಮೊದಲ ದಿನವೇ ಅಲ್ಲಿಗೆ ಓಡುವುದು ಬೇಡ. ಭಿನ್ನವಾಗಿ ಯಾಕೆ ಓದಿದೆವು ಅಂತ ಮಾತಾಡುವುದು ಮೊದಲು.

ಸಂದರ್ಶನ ಬಳಸುವುದಾದರೆ ಒಂದು ಎಚ್ಚರ. ಸಂಶೋಧನೆಗೆ ಒಪ್ಪಿಗೆ ಕೊಟ್ಟವರು ನಿಮ್ಮ ಕಾರ್ಯಾಗಾರದಲ್ಲಿ ಮೂವತ್ತು ಜನ ತಮ್ಮ ಮಾತು ಓದಲಿ ಅಂತ ಒಪ್ಪಿರುವುದಿಲ್ಲ. ಬರೀ ಹೆಸರು ಅಳಿಸಿದರೆ ಸಾಲದು. ಚಿಕ್ಕ ವಿಭಾಗವಾದರೆ ಓದಿದ ಕೂಡಲೇ ಯಾರು ಅಂತ ಗೊತ್ತಾಗುತ್ತದೆ. ಬೇರೆಯಾಗಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಅಭ್ಯಾಸಕ್ಕಾಗಿಯೇ ಒಂದು ಸಂದರ್ಶನ ಬರೆದು, ಅದು ಕಲ್ಪಿತ ಅಂತ ಹಾಳೆಯ ಮೇಲೇ ನಮೂದಿಸಿ. ಯಾವುದನ್ನು ಮಾಡುತ್ತೀರಿ ಅಂತ ಪ್ರಸ್ತಾವನೆಯಲ್ಲೂ ತಿಳಿಸಿ.

ಸಣ್ಣಪುಟ್ಟವನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಗುಂಪು ಕೆಲಸಕ್ಕೆ ಸರಿಸುವಂಥ ಮೇಜು ಕೇಳಿ. ಗರಿಷ್ಠ ಎಷ್ಟು ಜನ ಅಂತ ಬರೆಯಿರಿ. ನಾನೊಬ್ಬಳೇ ನಡೆಸುವುದಾದರೆ 24ಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ತಂತ್ರಾಂಶ ಹಾಕಿಕೊಳ್ಳುವ ಕೆಲಸ ಹಿಂದಿನ ವಾರವೇ ಮುಗಿದಿರಲಿ, ಇಲ್ಲದಿದ್ದರೆ ಮೊದಲ ಒಂದು ಗಂಟೆ ಅದಕ್ಕೇ ಹೋಗುತ್ತದೆ. ಬರ್ಕ್ಲಿ ಲೆಕ್ಕವನ್ನು ಪೆನ್ನು, ಕ್ಯಾಲ್ಕುಲೇಟರ್‌ನಲ್ಲೂ ಮಾಡಬಹುದು. ಹೆಚ್ಚಾಗಿ ನಾನು ಹಾಗೇ ಮಾಡಿಸುತ್ತೇನೆ.

ಮೌಲ್ಯಮಾಪನದ ಭಾಗಕ್ಕೆ ‘ಫೀಡ್‌ಬ್ಯಾಕ್ ಫಾರ್ಮ್ ಕೊಡಲಾಗುವುದು’ ಎಂಬ ಸಾಲಷ್ಟೇ ಸಾಲದು. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಮೌಲ್ಯಮಾಪನವನ್ನು ನಾಲ್ಕು ಹಂತವಾಗಿ ನೋಡಿದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಸಿಕ್ಕಿತೇ. ಫಾರ್ಮ್ ಸಾಮಾನ್ಯವಾಗಿ ಮುಟ್ಟುವುದು ಮೊದಲ ಹಂತವನ್ನು ಮಾತ್ರ. ಎರಡನೆಯದಕ್ಕೆ, ಅವರು ಬಿಡಿಸಿದ ಹಾಳೆಯ ಒಂದು ಪ್ರತಿ ಇಟ್ಟುಕೊಳ್ಳಿ. ಮೂರನೆಯದಕ್ಕೆ, ಮೂರು ತಿಂಗಳಾದ ಮೇಲೆ ಎರಡು ಸಾಲಿನ ಮೇಲ್ ಸಾಕು: ‘ಅಂದಿನಿಂದ ಯಾವುದಾದರೂ ಒಟ್ಟು ಶೇಕಡಾ ಬಿಡಿಸಿ ನೋಡಿದಿರಾ? ಏನು ಕಂಡಿತು?’ ಈ ಪ್ರಶ್ನೆಯನ್ನು ಹಾಗೆಯೇ ಪ್ರಸ್ತಾವನೆಯಲ್ಲಿ ಸೇರಿಸಿ.

ಶೀರ್ಷಿಕೆಯನ್ನು ಎಲ್ಲ ಆದ ಮೇಲೆ ಬರೆಯಿರಿ. ನನ್ನದು ಕೊನೆಗೆ ಹೀಗಾಯಿತು: ‘ಒಟ್ಟು ಶೇಕಡಾ ದಾರಿ ತಪ್ಪಿಸಿದಾಗ: ಪ್ರವೇಶದ ಲೆಕ್ಕ ಬಿಡಿಸುವ ಅರ್ಧ ದಿನ’.