ಪೇಟೆಯ ಹಳೆ ತಾರಸಿ ಸೋರಿದರೆ ಸಿಮೆಂಟಿಗೆ ಕೈ ಹಾಕಬೇಡಿ

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಯಿಂದ ಇಂದಿಗೂ ಉಳಿದು ಬಂದಿರುವುದು ಮುಖ್ಯವಾಗಿ ಬೀದಿಗಳ ಜಾಡು. ಉತ್ತರ-ದಕ್ಷಿಣವಾಗಿ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ. ಅದಕ್ಕೆ ಅಡ್ಡಲಾಗಿ ಚಿಕ್ಕಪೇಟೆ. ಈ ಬೀದಿಗಳಲ್ಲಿ ಇನ್ನೂ ನಿಂತಿರುವ ಸುಣ್ಣದ ಗಾರೆ ತಾರಸಿಯ ಮನೆ, ಮಳಿಗೆಗಳು ಎಷ್ಟೋ ಈಚಿನವು. ದುರಸ್ತಿಗೆ ಮೊದಲು ಅವುಗಳ ವಯಸ್ಸು ಅಂದಾಜು ಮಾಡಿಕೊಳ್ಳಬೇಕು. ಚಾವಣಿಗೆ ಗರ್ಡರ್, ಅಂದರೆ ಉಕ್ಕಿನ ತೊಲೆ, ಇದ್ದರೆ ಟಾರ್ಚ್ ಹಿಡಿದು ಅದರ ಪಕ್ಕೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಹತ್ತಾರು ಪದರ ಸುಣ್ಣದ ಅಡಿಯಿಂದ ಉಬ್ಬಕ್ಷರ ಏಳಬಹುದು. ಟಾಟಾ ಹೆಸರಿದ್ದರೆ ಆ ಚಾವಣಿ 1912ಕ್ಕಿಂತ ಹಳೆಯದಲ್ಲ. ಅವರ ಕಾರ್ಖಾನೆಯಲ್ಲಿ ಉಕ್ಕು ತಯಾರಾಗತೊಡಗಿದ್ದೇ ಆ ವರ್ಷ. ಮನೆ ಅದಕ್ಕಿಂತ ಹಳೆಯದಾಗಿರಬಹುದು, ಚಾವಣಿ ಮಾತ್ರ ಬದಲಾಗಿರಬಹುದು.

ಗರ್ಡರ್ ಇಲ್ಲದ ಕಡೆ ತೇಗದ ತೊಲೆ, ಅದರ ಮೇಲೆ ಒಂದು-ಒಂದೂವರೆ ಅಡಿಗೊಂದು ಜಂತೆ, ಅಂದರೆ ಸಣ್ಣ ಅಡ್ಡಮರ. ಜಂತೆಗಳ ಮೇಲೆ ಒಂದಂಗುಲ ದಪ್ಪದ ಪುಟ್ಟ ಇಟ್ಟಿಗೆಗಳನ್ನು ಮಗ್ಗುಲಾಗಿ, ಓರೆಸಾಲಿನಲ್ಲಿ, ಗಾರೆ ಹಾಕಿ ಕೂರಿಸಿರುತ್ತಾರೆ. ಅದರ ಮೇಲೆ ಮೂರು-ನಾಲ್ಕು ಅಂಗುಲ ಇಟ್ಟಿಗೆ ಜಲ್ಲಿಯ ಸುಣ್ಣದ ಕಾಂಕ್ರೀಟ್, ಕೊನೆಗೆ ಚಪ್ಪಟೆ ಬಿಲ್ಲೆ. ಇದೇ ಮದ್ರಾಸ್ ತಾರಸಿ. ಇದು ಒಂದಿಷ್ಟು ನೀರು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಇಷ್ಟು ಕಾಲ ಬಾಳಿದ್ದು ಈ ಗುಣದಿಂದಲೇ.

ಸೋರಿದ ಕೂಡಲೇ ಎರಡಂಗುಲ ಸಿಮೆಂಟ್ ಹಾಕಿಸುವುದು ಪೇಟೆಯಲ್ಲಿ ದಿನಾ ಕಾಣುವ ಕೆಲಸ, ಮತ್ತು ಅದೇ ಈ ಮನೆಗಳನ್ನು ಕೊಲ್ಲುತ್ತಿದೆ. ಚದರಡಿಗೆ ಸುಮಾರು 10 ಕಿಲೋ ಭಾರ. 10×12 ಅಡಿಯ ಕೋಣೆಗೆ ಒಂದೂಕಾಲು ಟನ್ ಹತ್ತಿರ. ಸಿಮೆಂಟ್ ಬಿಸಿಲಿಗೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಒಳಗಿನ ತೇವ ಮೇಲಕ್ಕೆ ಆರುವ ದಾರಿ ಮುಚ್ಚಿರುತ್ತದೆ. ಆ ತೇವ ಸೇರುವುದು ಜಂತೆಗೆ. ಮರ ಮೊದಲು ಕೊಳೆಯುವುದು ಗೋಡೆಯೊಳಗೆ ಕೂತ ತುದಿಯಲ್ಲಿ, ಹೊರಗಿನಿಂದ ಗೊತ್ತೇ ಆಗದ ಜಾಗದಲ್ಲಿ. ಗೋಡೆಯ ಪಕ್ಕದಲ್ಲೇ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕಾಲಂಗುಲ ಸಲೀಸಾಗಿ ಹೊಕ್ಕರೆ ಕೆಲಸ ನಿಲ್ಲಿಸಿ, ಕೆಳಗೆ ಆಸರೆ ಕೊಟ್ಟು, ಹಳೆ ಕಟ್ಟಡ ಬಲ್ಲ ಎಂಜಿನಿಯರಿಗೆ ತೋರಿಸಿ. ತುದಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ತೇಗ ಬೆಸೆಯಬಹುದು. ಕೂರಿಸುವಾಗ ಮರದ ಸುತ್ತ ಅರ್ಧ ಅಂಗುಲ ಗಾಳಿಯಾಡಲು ಬಿಡಬೇಕು.

ಹಳೆ ಸಿಮೆಂಟ್ ಪದರವನ್ನು ಉಳಿ, ಸುತ್ತಿಗೆಯಿಂದಲೇ ತೆಗೆಯಬೇಕು. ಬ್ರೇಕರ್ ಯಂತ್ರದ ಅದುರಿಗೆ ಕೆಳಗಿನ ಇಟ್ಟಿಗೆ ಸಾಲು ಸಡಿಲವಾಗುತ್ತದೆ. ಹೊಸ ಸುಣ್ಣದ ಕಾಂಕ್ರೀಟಿಗೆ ಮುಕ್ಕಾಲರಿಂದ ಒಂದಂಗುಲದ, ಚೆನ್ನಾಗಿ ಬೆಂದ ಇಟ್ಟಿಗೆ ಜಲ್ಲಿಯನ್ನು ನೀರಲ್ಲಿ ನೆನೆಸಿಡಿ. ಒಣ ಜಲ್ಲಿ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಗಾರೆಗೆ ಒಂದು ಪಾಲು ಸುಣ್ಣ, ಎರಡು ಪಾಲು ಇಟ್ಟಿಗೆ ಪುಡಿ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು, ಅದು ಕುದಿದು ಕಣ್ಣಿಗೆ ಸಿಡಿಯುತ್ತದೆ. ಅರಳಿದ ಮೇಲೆ ಜರಡಿ ಹಿಡಿದು, ಕಡಿಮೆಯೆಂದರೆ ಎರಡು ವಾರ ನೀರಿನಡಿ ಇಡಿ. ಅವಸರಕ್ಕೆ ಬಳಸಿದರೆ ಅರಳದ ಕಾಳುಗಳು ತಾರಸಿಯೊಳಗೇ ಅರಳಿ ಗುಳ್ಳೆ ಏಳುತ್ತವೆ.

ಇಡೀ ಕೆಲಸದ ಜೀವಾಳ ಬಡಿತ. ಮರದ ಕೊಡತಿಯಿಂದ ಸುಮಾರು ಒಂದು ವಾರ, ಬೆಲ್ಲ-ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಬಡಿಯಬೇಕು. ಮೊದಲ ದಿನ ಕೊಡತಿಯ ಅಚ್ಚು ಆಳಕ್ಕೆ ಮೂಡುತ್ತದೆ. ಅಚ್ಚು ಮೂಡದೆ ಕೊಡತಿ ಪುಟಿಯತೊಡಗಿದಾಗ ಸಾಕು. ಕೂಲಿ ಉಳಿಸಲು ಎರಡೇ ದಿನಕ್ಕೆ ಮುಗಿಸಿದ ತಾರಸಿ ಮೊದಲ ಮಳೆಗೇ ಸೋರುತ್ತದೆ. ಬಡಿತ ಮುಗಿದ ಮೇಲೆ ಒದ್ದೆ ಗೋಣಿ ಹೊದಿಸಿ ಹತ್ತು ದಿನವಾದರೂ ನೆನೆಸಬೇಕು.

ಇದಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಸಂಜೆ ಮಳೆ ಹಠಾತ್ತಾಗಿ ಬಂದು ಹಸಿ ಸುಣ್ಣವನ್ನು ತೊಳೆದುಬಿಡುತ್ತದೆ, ಹಾಗಾಗಿ ಟಾರ್ಪಾಲು ಕೈಗೆಟುಕುವಂತೆ ಇರಲಿ. ಗಾರೆಯವರೊಂದಿಗೆ ಮಾತಾಡುವಾಗ ಚದರಡಿ ದರದ ಜೊತೆಗೆ ಬಡಿತಕ್ಕೆ ಎಷ್ಟು ಆಳು, ಎಷ್ಟು ದಿನ ಎಂಬುದನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.