ಬೆನ್ನ ಮೇಲೆ ಕರಗದ ಹಿಮ

ಕೆನಡಾದ ಸಸ್ಕಾಚೆವಾನ್ ಬಯಲಿನಲ್ಲಿ ಜನವರಿಯ ಬೆಳಗು ಮೈನಸ್ 30 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ. ಬಯಲಲ್ಲೇ ನಿಂತ ಕುದುರೆಗಳ ಬೆನ್ನ ಮೇಲೆ ಹಿಮ ಕೂತಿರುತ್ತದೆ. ನೋಡಿದವರಿಗೆ ಅಯ್ಯೋ ಪಾಪ ಅನಿಸಿದರೂ ಸಾಕಿದವರಿಗೆ ಅದೇ ಸಮಾಧಾನ. ಮೈಶಾಖ ಹೊರಗೆ ಸೋರುತ್ತಿದ್ದರೆ ಆ ಹಿಮ ಕರಗಿಬಿಡಬೇಕಿತ್ತಲ್ಲ!

ಹಗಲು ಕುಗ್ಗತೊಡಗಿದಾಗಲೇ ಕುದುರೆಗೆ ದಟ್ಟ ಕೂದಲು ಬೆಳೆಯುತ್ತದೆ. ಚಳಿಗೆ ಆ ಕೂದಲು ನಿಮಿರಿ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಹೀಗೆ ಒಗ್ಗಿಕೊಂಡ ವಯಸ್ಕ ಕುದುರೆ ಸುಮಾರು ಮೈನಸ್ 15 ಡಿಗ್ರಿವರೆಗೂ ಹೆಚ್ಚು ಮೇವು ಬೇಡದೆ ತಡೆದುಕೊಳ್ಳಬಲ್ಲದು. ಆದರೆ ಕೂದಲು ತೊಯ್ದರೆ ಎಲ್ಲ ಲೆಕ್ಕ ತಲೆಕೆಳಗು. ಅಕ್ಕರೆಯಿಂದ ಹೊದಿಸಿದ ತೆಳು ಹೊದಿಕೆ ಕೂಡ ಕೂದಲನ್ನು ಅದುಮಿ, ಮಾಡಿದ ಉಪಕಾರವನ್ನೇ ಕೆಡಿಸಬಹುದು.

ಕುದುರೆ ಎಂದರೆ ನಮಗೆ ಹುರುಳಿ ನೆನಪಾಗುತ್ತದೆ. ಹಿಮದ ನಾಡಿನಲ್ಲಿ ಕೈಹಿಡಿಯುವುದು ಮಾತ್ರ ಒಣಹುಲ್ಲು. ಅದರ ನಾರು ದೊಡ್ಡಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗುವಾಗ, ತಿಪ್ಪೆಗುಂಡಿಯ ಒಳಗು ಬೆಚ್ಚಗಿರುವಂತೆ, ಗಂಟೆಗಟ್ಟಲೆ ಶಾಖ ಹೊಮ್ಮುತ್ತದೆ. 500 ಕೆಜಿ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕೆಜಿ ಹುಲ್ಲು ಬೇಕು, ಕಡುಚಳಿಯಲ್ಲಿ ಇನ್ನಷ್ಟು.

ಇಷ್ಟು ಒಣಮೇವು ಕರುಳಿನಲ್ಲಿ ಜಾರಬೇಕಾದರೆ ನೀರು ಬೇಕು, ದಿನಕ್ಕೆ 25 ಲೀಟರಿಗೂ ಹೆಚ್ಚು. ನನ್ನ ಮಟ್ಟಿಗೆ ಚಳಿಗಾಲದ ನಿಜವಾದ ಶತ್ರು ಚಳಿಯಲ್ಲ, ಬಾಯಾರಿಕೆ. ತೊಟ್ಟಿಯ ನೀರು ಕೊರೆಯತೊಡಗಿದರೆ ಕುದುರೆ ಕುಡಿಯುವುದನ್ನು ಕಡಿಮೆ ಮಾಡುತ್ತದೆ, ಮೇವು ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಶೂಲೆ ಶುರು. ಕುದುರೆಗೆ ವಾಂತಿ ಮಾಡಲೂ ಬರದು. ಶೂಲೆ ಜೀವಕ್ಕೇ ಎರವಾಗಬಹುದು. ಅಮೆರಿಕದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆಚ್ಚಗಿನ ನೀರಿಟ್ಟಾಗ ಪೋನಿಗಳು (ಗಿಡ್ಡ ತಳಿಯ ಕುದುರೆಗಳು) ಸುಮಾರು 40 ಶೇಕಡಾ ಹೆಚ್ಚು ಕುಡಿದವು.

ಸುತ್ತ ಇಷ್ಟೊಂದು ಹಿಮವಿದೆಯಲ್ಲ, ತಿನ್ನಲಿ ಎನ್ನಬಹುದು. ಆದರೆ ಅದನ್ನು ಕರಗಿಸಲು ಮೈಶಾಖವೇ ಖರ್ಚಾಗಬೇಕು. ಒಂದು ಕೆಜಿ ಹಿಮವನ್ನು ಬರೀ ಕರಗಿಸಲು ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು! ಸೈಬೀರಿಯಾದ ಯಾಕೂತಿಯಾದ ಗಿಡ್ಡ ಕುದುರೆಗಳು ಮೈನಸ್ 50 ಡಿಗ್ರಿಯಲ್ಲೂ ಗೊರಸಿನಿಂದ ಹಿಮ ಕೆದಕಿ ಹುಲ್ಲು ಮೇಯುತ್ತವೆ, ಹಿಮವನ್ನೇ ನುಂಗಿ ಬದುಕುತ್ತವೆ. ಅವುಗಳ ಮಾತೇ ಬೇರೆ. ಲಾಯದ ಕುದುರೆಯನ್ನು ಹಾಗೆ ಬಿಡಲಾಗದು.

ಇನ್ನು ಕಾಲು. ಮೊಣಕಾಲಿನ ಕೆಳಗೆ ಬಹುತೇಕ ಮೂಳೆ, ಸ್ನಾಯುರಜ್ಜುಗಳೇ ಇರುವುದರಿಂದ ಹಿಮದಲ್ಲಿ ನಿಂತರೂ ಹೆಚ್ಚೇನೂ ಆಗದು. ತೊಂದರೆ ಲಾಳ ಹೊಡೆದ ಗೊರಸಿನದು. ಪಾದದಡಿ ಕರಗಿದ ಹಿಮ ತಣ್ಣನೆಯ ಕಬ್ಬಿಣಕ್ಕೆ ತಾಗಿ ಮತ್ತೆ ಹೆಪ್ಪುಗಟ್ಟಿ ಉಂಡೆಯಾಗುತ್ತದೆ. ಕುದುರೆ ಚೆಂಡಿನ ಮೇಲೆ ನಡೆದಂತೆ ತೂಗಾಡುತ್ತದೆ. ಹೀಗಾಗಿ ಎಷ್ಟೋ ಮಂದಿ ಚಳಿಗಾಲಕ್ಕೆ ಲಾಳವನ್ನೇ ಕಳಚುತ್ತಾರೆ. ಜಾರುವ ಭಯ ಹತ್ತಿದ ಕುದುರೆ ಗಾಜಿನಂಥ ಮಂಜುಗಡ್ಡೆ ದಾಟಿ ತೊಟ್ಟಿಯತ್ತ ಹೋಗದೆ ನಿಂತುಬಿಡುವುದುಂಟು, ಅಲ್ಲಿ ನೀರು ಎಷ್ಟೇ ಬೆಚ್ಚಗಿರಲಿ. ಅದಕ್ಕೇ ಬೆಳಗಿನ ಮೊದಲ ಕೆಲಸ ಆ ದಾರಿಗೆ ಮರಳೋ ಒಲೆಯ ಬೂದಿಯೋ ಎರಚುವುದು.