ಮರದ ಬ್ಯಾಟಿನ ಪರೀಕ್ಷೆ: ಕೇಪ್ ಕಾಡ್‌ನಿಂದ ಮೇಜರ್ ಲೀಗ್‌ಗೆ

ಬೇಸ್‌ಬಾಲ್ ನೋಡುವವರಿಗೆ ಆರನ್ ಜಡ್ಜ್ ಹೆಸರು ಹೊಸದಲ್ಲ. 2022ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪರ 62 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ತರಹದ ಹೊಡೆತ) ಹೊಡೆದು ಅಮೆರಿಕನ್ ಲೀಗ್ ದಾಖಲೆ ಮುರಿದವನು. ಅಮೆರಿಕದ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಅದು ಒಂದು. ಅದಕ್ಕೆ ಹತ್ತು ವರ್ಷ ಮುಂಚೆ ಇದೇ ಜಡ್ಜ್ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಸ್ಟರ್ ಅನ್ನೋ ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದ. ಆಟಗಾರರಿಗೆ ಸಂಬಳ ಇರಲಿಲ್ಲ. ನೋಡುವವರಿಗೆ ಟಿಕೆಟ್ಟೂ ಇರಲಿಲ್ಲ.

ಅದು ಕೇಪ್ ಕಾಡ್ ಬೇಸ್‌ಬಾಲ್ ಲೀಗ್. ಬಾಸ್ಟನ್‌ನ ಆಗ್ನೇಯಕ್ಕೆ, ಮಡಿಸಿದ ತೋಳಿನ ಆಕಾರದಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ನೆಲ ಕೇಪ್ ಕಾಡ್. ಅಲ್ಲಿ ಮತ್ತು ಅದರ ಅಂಚಿನ ಊರುಗಳಲ್ಲಿ ಒಟ್ಟು ಹತ್ತು ತಂಡಗಳಿವೆ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ, ಕಾಲೇಜಿಗೆ ರಜೆ ಇರುವಾಗ, ದೇಶದ ಬೇರೆಬೇರೆ ಕಡೆಯ ಹುಡುಗರು ಬಂದು ಆಡುತ್ತಾರೆ. ಇಲ್ಲಿ ಆಡಿ ಮೇಜರ್ ಲೀಗ್ ಮುಟ್ಟಿದವರ ಸಂಖ್ಯೆ ಸಾವಿರ ದಾಟಿ ಎಷ್ಟೋ ವರ್ಷವಾಯಿತು.

ಈ ಪಟ್ಟಿ ಶುರುವಾಗುವುದು ಎಲ್ಲಿಂದ ಅನ್ನೋದೇ ಸ್ವಲ್ಪ ತಕರಾರಿನ ವಿಷಯ. ಲೀಗ್ ಬಹಳ ಕಾಲ 1885 ಅಂತ ತನ್ನ ಹುಟ್ಟಿದ ವರ್ಷ ಹೇಳಿಕೊಂಡು ಬಂತು. ಆ ಕಾಲದಲ್ಲಿ ಊರೂರ ನಡುವೆ ಪಂದ್ಯ ನಡೆಯುತ್ತಿದ್ದದ್ದು ನಿಜ, ಆದರೆ ಲೀಗ್ ಇರಲಿಲ್ಲ. ಫಾಲ್ಮತ್, ಹಯಾನಿಸ್, ಚ್ಯಾಥಮ್, ಆಸ್ಟರ್‌ವಿಲ್ ಎಂಬ ನಾಲ್ಕು ಊರು ಸೇರಿ ಲೀಗ್ ಕಟ್ಟಿದ್ದು 1923ರಲ್ಲಿ. ಈಗ ಲೀಗೂ ಇದನ್ನೇ ಒಪ್ಪಿಕೊಂಡಿದೆ. 2023ರಲ್ಲಿ ನೂರರ ಹಬ್ಬ ಮಾಡಿತು. ಹೀಗಿದ್ದರೂ ಹಳೇ ಆಟಗಾರರ ಪಟ್ಟಿಯಲ್ಲಿ ಪೈ ಟ್ರೇನರ್ ಹೆಸರು ಮೊದಲಲ್ಲೇ ಬರುತ್ತದೆ. ಟ್ರೇನರ್ ಫಾಲ್ಮತ್ ತಂಡಕ್ಕೆ ಆಡಿದ್ದು 1919ರಲ್ಲಿ, ಲೀಗ್ ಹುಟ್ಟುವ ಮುಂಚೆ! ಮುಂದೆ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ) ಸೇರಿದವನನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ?

ಆ ಮೊದಲ ಲೀಗ್ 1939ರ ಹೊತ್ತಿಗೆ ಮುಚ್ಚಿಹೋಯಿತು. ಆರ್ಥಿಕ ಕುಸಿತದ ಕಾಲ, ಊರುಗಳ ಹತ್ತಿರ ದುಡ್ಡಿರಲಿಲ್ಲ. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಮತ್ತೆ ಶುರು ಮಾಡಿದರು. ಆಗ ಆಡುತ್ತಿದ್ದವರಲ್ಲಿ ಸ್ಥಳೀಯರೇ ಜಾಸ್ತಿ.

ಎಲ್ಲ ಬದಲಾಗಿದ್ದು 1963ರಲ್ಲಿ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಮಾನ್ಯತೆ ಕೊಟ್ಟಿತು, ಲೀಗ್ ಕಾಲೇಜು ಹುಡುಗರದಾಯಿತು. ಫಲ ಸಿಗಲು ತಡವಾಗಲಿಲ್ಲ. 1966ರಲ್ಲಿ ಆರ್ಲೀನ್ಸ್ ತಂಡದಲ್ಲಿ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಕಾರ್ಲ್ಟನ್ ಫಿಸ್ಕ್ ಆಡಿದ. 1967ರಲ್ಲಿ ಚ್ಯಾಥಮ್ ತಂಡಕ್ಕೆ ಕೆಂಟ್ ಸ್ಟೇಟ್‌ನ ಥರ್ಮನ್ ಮನ್ಸನ್ ಬಂದ. ಇಬ್ಬರೂ ಕ್ಯಾಚರ್‌ಗಳು, ಅಂದರೆ ಬ್ಯಾಟ್ಸ್‌ಮನ್ ಹಿಂದೆ ಕೂತು ಚೆಂಡು ಹಿಡಿಯುವವರು. ಮನ್ಸನ್ ಆ ಬೇಸಿಗೆ .420 ಸರಾಸರಿಯಲ್ಲಿ ಬ್ಯಾಟ್ ಮಾಡಿದ. ಅಂದರೆ ಐದು ಸಲಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹಿಟ್. ಮೂರರಲ್ಲಿ ಒಂದು ಸಿಕ್ಕಿದರೇ ದೊಡ್ಡದು ಅನ್ನುವ ಆಟ ಇದು. ಮುಂದೆ ಒಬ್ಬ ಬಾಸ್ಟನ್‌ಗೆ, ಇನ್ನೊಬ್ಬ ನ್ಯೂಯಾರ್ಕ್‌ಗೆ ಹೋಗಿ ಎಪ್ಪತ್ತರ ದಶಕ ಪೂರ್ತಿ ಎದುರಾಳಿಗಳಾಗಿ ಕಾದಾಡಿದರು. ಮನ್ಸನ್ 1979ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಈಗ ಅವನ ಹೆಸರಲ್ಲಿದೆ.

ಇಷ್ಟರ ಮೇಲೂ ಈ ಲೀಗ್‌ಗೆ ಇವತ್ತಿನ ಬೆಲೆ ತಂದುಕೊಟ್ಟಿದ್ದು ಯಾವ ಆಟಗಾರನೂ ಅಲ್ಲ, ಬ್ಯಾಟು. 1974ರಿಂದ ಕಾಲೇಜು ಬೇಸ್‌ಬಾಲ್‌ನಲ್ಲಿ ಅಲ್ಯೂಮಿನಿಯಂ ಬ್ಯಾಟಿಗೆ ಅನುಮತಿ ಸಿಕ್ಕಿತು. ಮುರಿಯುವುದಿಲ್ಲ, ಖರ್ಚು ಕಡಿಮೆ. ಕೇಪ್‌ನಲ್ಲೂ ಅದೇ ಬಂತು. ತೊಂದರೆ ಏನೆಂದರೆ, ಲೋಹದ ಬ್ಯಾಟು ಆಟಗಾರನ ತಪ್ಪು ಮುಚ್ಚಿಹಾಕುತ್ತದೆ. ಚೆಂಡು ಮೈ ಹತ್ತಿರ ಒಳಗೆ ನುಗ್ಗಿ ಹಿಡಿಕೆಯ ಪಕ್ಕ ತಗುಲಿದರೂ ಹೇಗೋ ಹಾರಿ ಫೀಲ್ಡರ್‌ಗಳ ತಲೆ ಮೇಲೆ ಹೋಗಿ ಬೀಳುತ್ತದೆ. ಅದೇ ಚೆಂಡಿಗೆ ಮರದ ಬ್ಯಾಟು ಎರಡು ತುಂಡು, ಚೆಂಡು ಸುಮ್ನೆ ಪಿಚರ್ (ಚೆಂಡು ಎಸೆಯುವವನು) ಕಾಲ ಬುಡಕ್ಕೆ ಉರುಳುತ್ತದೆ. ಮೇಜರ್ ಲೀಗ್‌ನಲ್ಲಿ ಮರದ ಬ್ಯಾಟು ಮಾತ್ರ. ಹಾಗಾಗಿ ಕಾಲೇಜಿನ ಅಂಕಿ ನೋಡಿ ಹುಡುಗನ ಯೋಗ್ಯತೆ ಅಳೆಯುವುದು ಸ್ಕೌಟ್‌ಗಳಿಗೆ (ಮೇಜರ್ ಲೀಗ್ ತಂಡಗಳಿಗೆ ಆಟಗಾರರನ್ನು ಹುಡುಕುವವರಿಗೆ) ಕಷ್ಟವಾಯಿತು.

1985ರಲ್ಲಿ ಕೇಪ್ ಲೀಗ್ ಮರಕ್ಕೆ ಮರಳಿತು. ಟೆನಿಸ್ ಬಾಲ್‌ನಲ್ಲಿ ಸಿಕ್ಸರ್ ಮೇಲೆ ಸಿಕ್ಸರ್ ಎತ್ತುವ ಹುಡುಗನ ಮುಂದೆ ಲೆದರ್ ಬಾಲ್ ಹಾಕಿ ನೋಡಿದ ಹಾಗೆ. ಬ್ಯಾಟ್ಸ್‌ಮನ್‌ನ ನಿಜ ಬಣ್ಣ ಒಂದೇ ಬೇಸಿಗೆಯಲ್ಲಿ ಬಯಲಾಗತೊಡಗಿತು. ಪಿಚರ್‌ಗೂ ಲಾಭವೇ. ಒಳಕ್ಕೆ ಎಸೆಯುವ ಧೈರ್ಯ ಬಂತು.

ಇದರಿಂದ ಹೆಚ್ಚು ಗೆದ್ದವರು ಸಣ್ಣ ಕಾಲೇಜಿನವರು ಅಂತ ನನ್ನ ಲೆಕ್ಕ. ಮೇಜರ್ ಲೀಗ್‌ನ ಹ್ಯೂಸ್ಟನ್ ಆಸ್ಟ್ರೋಸ್ ತಂಡವನ್ನೇ ನೋಡಿ. ನ್ಯೂಜೆರ್ಸಿಯ ಸೀಟನ್ ಹಾಲ್‌ನ ಕ್ರೇಗ್ ಬಿಜಿಯೋ 1986ರಲ್ಲಿ ಯಾರ್ಮತ್-ಡೆನಿಸ್‌ಗೆ ಆಡಿದ. ಕನೆಟಿಕಟ್‌ನ ಹಾರ್ಟ್‌ಫರ್ಡ್‌ನ ಜೆಫ್ ಬ್ಯಾಗ್‌ವೆಲ್ 1987 ಮತ್ತು 88ರಲ್ಲಿ ಚ್ಯಾಥಮ್‌ನಲ್ಲಿದ್ದ. ಚಳಿ ಪ್ರದೇಶದ ಕಾಲೇಜುಗಳಿವು. ಸ್ಕೌಟ್‌ಗಳು ಮಾರ್ಚ್ ತಿಂಗಳಲ್ಲಿ ಫ್ಲೋರಿಡಾ, ಕ್ಯಾಲಿಫೋರ್ನಿಯಾ ಕಡೆ ಹೋಗುತ್ತಾರೆಯೇ ಹೊರತು ಇಲ್ಲಿ ನಡುಗುತ್ತಾ ಕೂರುವುದಿಲ್ಲ. ಬಿಲ್ಲಿ ವ್ಯಾಗ್ನರ್‌ದು ಇನ್ನೂ ವಿಚಿತ್ರ. ಹುಟ್ಟಾ ಬಲಗೈಯವನು. ಚಿಕ್ಕವನಿದ್ದಾಗ ಬಲಗೈ ಮುರಿದುಕೊಂಡು ಎಡಗೈಯಲ್ಲಿ ಎಸೆಯಲು ಕಲಿತ. ಓದಿದ್ದು ವರ್ಜೀನಿಯಾದ ಫೆರಮ್ ಎಂಬ ಕಾಲೇಜಿನಲ್ಲಿ. ಬೇಸ್‌ಬಾಲ್‌ನ ದೊಡ್ಡ ಕಾಲೇಜುಗಳ ಸಾಲಿಗೆ ಸೇರಿದ್ದೇ ಅಲ್ಲ. 1992ರಲ್ಲಿ ಬ್ರೂಸ್ಟರ್‌ಗೆ ಬಂದು ದೊಡ್ಡ ಕಾಲೇಜಿನ ಹುಡುಗರಿಗೆ ಎಸೆದ. ಮರುವರ್ಷ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಆಸ್ಟ್ರೋಸ್ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಹ್ಯೂಸ್ಟನ್‌ನಲ್ಲಿ ವರ್ಷಗಟ್ಟಲೆ ಜೊತೆಗೆ ಆಡಿದ ಈ ಮೂವರೂ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ: ಬಿಜಿಯೋ 2015ರಲ್ಲಿ, ಬ್ಯಾಗ್‌ವೆಲ್ 2017ರಲ್ಲಿ, ವ್ಯಾಗ್ನರ್ 2025ರಲ್ಲಿ.

ಹಾಗಂತ ಕೇಪ್ ಇವರನ್ನು ತಯಾರು ಮಾಡಿತು ಅನ್ನುವುದು ಜಾಸ್ತಿಯಾಯಿತು. ಎರಡು ತಿಂಗಳಲ್ಲಿ ಯಾರೂ ಆಟಗಾರನಾಗುವುದಿಲ್ಲ. ಇವರು ಆಗಲೇ ಒಳ್ಳೆಯ ಆಟಗಾರರು. ಕೇಪ್ ಅದನ್ನು ಕಾಣುವ ಹಾಗೆ ಮಾಡಿತು. ಇಲ್ಲಿ ಆಡಿ ಮುಂದೆ ಮೇಜರ್ ಲೀಗ್‌ನಲ್ಲಿ ಹೆಸರು ಮಾಡಿದ ಫ್ರ್ಯಾಂಕ್ ಥಾಮಸ್, ಬಸ್ಟರ್ ಪೋಸಿ, ಕ್ರಿಸ್ ಸೇಲ್, ಕ್ರಿಸ್ ಬ್ರಯಂಟ್ ಎಲ್ಲರ ಕಥೆಯೂ ಇಷ್ಟೇ.

ಊರಿನವರ ಪಾಲು ಬೇರೆ ರೀತಿಯದು. ಹುಡುಗರು ಉಳಿಯುವುದು ಸ್ಥಳೀಯರ ಮನೆಗಳಲ್ಲಿ. ಅವರದೇ ಊಟ, ಅವರದೇ ಫ್ರಿಜ್ಜು. ಆರ್ಲೀನ್ಸ್‌ನ ಎಲ್ಡ್ರೆಜ್ ಪಾರ್ಕ್‌ನಲ್ಲಿ ಮೆಟ್ಟಿಲಿನಂತಿರುವ ಹುಲ್ಲಿನ ದಿಬ್ಬದ ಮೇಲೆ ಜನ ಪಂದ್ಯಕ್ಕೆ ಎಷ್ಟೋ ಹೊತ್ತು ಮುಂಚೆಯೇ ಮಡಿಸುವ ಕುರ್ಚಿ ಇಟ್ಟು ಜಾಗ ಹಿಡಿಯುತ್ತಾರೆ. ಚ್ಯಾಥಮ್‌ನಲ್ಲಿ ಸಮುದ್ರದ ಮಂಜು ನುಗ್ಗಿ ಚೆಂಡೇ ಕಾಣದೆ ಆಟ ನಿಲ್ಲುವುದುಂಟು. ಪಂದ್ಯದ ನಡುವೆ ಯಾರಾದರೂ ಡಬ್ಬಿಯೋ ಟೋಪಿಯೋ ಹಿಡಿದು ಬಂದರೆ ಕೈಲಾದಷ್ಟು ಹಾಕಬೇಕು.

ಇತ್ತೀಚೆಗೆ ಲೆಕ್ಕ ಸ್ವಲ್ಪ ಬದಲಾಗಿದೆ. 2011ರಿಂದ ಕಾಲೇಜಿನ ಲೋಹದ ಬ್ಯಾಟಿಗೇ ಕಡಿವಾಣ ಬಿತ್ತು, ಮರಕ್ಕೂ ಅದಕ್ಕೂ ಅಂತರ ಕಡಿಮೆಯಾಯಿತು. 2020ರಲ್ಲಿ ಕೋವಿಡ್‌ನಿಂದ ಇಡೀ ಸೀಸನ್ ರದ್ದಾಯಿತು. ಅದಕ್ಕಿಂತ ದೊಡ್ಡ ಪೆಟ್ಟು 2021ರದು. ಜೂನ್‌ನಲ್ಲಿ ನಡೆಯುತ್ತಿದ್ದ ಮೇಜರ್ ಲೀಗ್ ಡ್ರಾಫ್ಟ್ ಜುಲೈಗೆ ಹೋಯಿತು, ಅಂದರೆ ಸರಿಯಾಗಿ ಸೀಸನ್ ನಡುವಿಗೆ. ಆಯ್ಕೆಯಾದವನು ಒಪ್ಪಂದಕ್ಕೆ ಸಹಿ ಹಾಕಲು ಗಂಟುಮೂಟೆ ಕಟ್ಟುತ್ತಾನೆ. ಇನ್ನು ಕೆಲವರು ಕಾಲೇಜು ತಂಡ ಜೂನ್ ಕೊನೆವರೆಗೆ ಆಡುತ್ತಿದ್ದರೆ ತಡವಾಗಿಯೇ ಬರುತ್ತಾರೆ. ತೆರವಾದ ಜಾಗಕ್ಕೆ ಮ್ಯಾನೇಜರ್‌ಗಳು ತಾತ್ಕಾಲಿಕ ಆಟಗಾರರನ್ನು ಕರೆಸುತ್ತಾರೆ. ಆಗಸ್ಟ್‌ನಲ್ಲಿ ಪ್ಲೇಆಫ್ ಆಡುವ ತಂಡದಲ್ಲಿ ಜೂನ್‌ನ ಮುಖಗಳು ಅರ್ಧ ಉಳಿದಿದ್ದರೂ ಪುಣ್ಯ.